ಮುತ್ಯಾನ ವಿಮಾನ

ಇಲ್ಲದ ಹಾಳೆಯನ್ನು ತೇಜಸ್ವಿನಿ ಮೂರನೆಯ ಸಲ ಹುಡುಕುತ್ತಿದ್ದಳು. ಬಾಗಿಲಾಚೆ ನಿಂತವರಿಗೆ ಕೇಳಲಿ ಎಂದೇ ಡೈರಿಯ ಪುಟಗಳನ್ನು ಸದ್ದಾಗುವಂತೆ ತಿರುವುತ್ತಿದ್ದಳು. ಬರೆದಿದ್ದರಲ್ಲವೇ ಅಲ್ಲಿರುವುದು? ಮುತ್ಯಾ ಹೋದ ದುಃಖಕ್ಕಿಂತ ಈ ಸುಳ್ಳು ಬಯಲಾದೀತೆಂಬ ಚಿಂತೆಯೇ ತನಗೆ ದೊಡ್ಡದಾಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಸಿಕ್ತೇನವ್ವಾ?" ಹೊರಗಿನಿಂದ ಅಪ್ಪ ಶಿವಪ್ರಕಾಶ ಕೂಗಿದ.

"ಹುಡುಕಾಕತ್ತೀನಪ್ಪಾ."

ಹೊರಗೆ ಕಟ್ಟಿಗೆ ಅಡ್ಡೆಯ ಅಂಗಳದಲ್ಲಿ ಅವಳ ಅಜ್ಜ, ಮುತ್ಯಾ ಸಂಗಣ್ಣ, ಗೋಡೆಗೊರಗಿ ಕೂತಿದ್ದ. ಮೈಗೆ ವಿಭೂತಿ, ಕೊರಳಿಗೆ ಹೂವು, ಎಡಗೈಯಲ್ಲಿ ಲಿಂಗ. ಅವರ ಮಂದಿಯಲ್ಲಿ ಸತ್ತವರನ್ನು ಸುಡುವುದಿಲ್ಲ. ವಿಮಾನವೆಂಬ ಆಸನದಲ್ಲಿ ಕೂರಿಸಿ ಹೊತ್ತೊಯ್ದು, ಕೂತಂತೆಯೇ ಮಣ್ಣು ಮಾಡುತ್ತಾರೆ. ಆ ವಿಮಾನ ಈಗ ಪೆಟ್ಟಿಗೆಯಂತೆ ಮಡಚಿಕೊಂಡು ಹೆಣದ ಮುಂದೆ ಬಿದ್ದಿತ್ತು. ಬಡಗಿ ಆಚಾರಿ ಅದರ ಸುತ್ತ ಎರಡು ತಾಸಿನಿಂದ ಮಂಡಿಯೂರಿ ತಿರುಗುತ್ತಿದ್ದ.

"ಪೆದ್ದಾಯನ ಕೀಲು ನಮ್ಮಂಥೋರಿಗಿ ಸಿಗೂದಲ್ಲ ಸಾರ್," ಅಂದ ಆಚಾರಿ. ಉಪ್ಪಲ್ಲಿನಲ್ಲೇ ಹುಟ್ಟಿದ ತೆಲುಗಿನವನು, ಹಿರಿಯನೆಂದು ಸಂಗಣ್ಣನನ್ನು ಪೆದ್ದಾಯನ ಎನ್ನುತ್ತಿದ್ದ; ಕನ್ನಡ ಕಲಿತದ್ದು ಅವನ ಬೈಗುಳದಿಂದ. "ಒಂದು ಮೊಳೆ ಇಲ್ಲ, ಒಂದು ಸ್ಕ್ರೂ ಇಲ್ಲ. ಎಲ್ಲಿ ಹಿಡಿದು ಎಳೀಲಿ?"

"ಜೀವ ಇದ್ದಾಗೂ ಹಂಗ," ಅಂದಳು ಯಂಕಮ್ಮ. ಮೂವತ್ತು ವರ್ಷ ಆ ಅಡ್ಡೆಯ ಕಟ್ಟಿಗೆ ಹೊಟ್ಟು ಗುಡಿಸಿದವಳು. "ನಿಚ್ಚಣಿಕಿ ಮಡಚಿದ್ರ ಮಂಚ ಆಕ್ಕೈತಿ ಅಂತ ಒಂದು ಮಾಡಿ ನನಗ ಕೊಟ್ಟಿದ್ರು. ಮಲಗಿದ್ದಾಗ ಅದು ತಿರುಗಿ ನಿಚ್ಚಣಿಕಿ ಆತು ನೋಡ್ರಿ. ನಮ್ಮ ಅತ್ತಿ ಸೊಂಟಾನ ಹೋತು!"

ಅಳುತ್ತಿದ್ದವರು ನಕ್ಕರು. ನಕ್ಕಿದ್ದಕ್ಕೆ ಮತ್ತೆ ಅತ್ತರು.

"ಹೊತ್ತು ಇಳಿಯೂದ್ರಾಗ ಮಣ್ಣಾಗಬೇಕ್ರಿ," ಅಂದರು ಸ್ವಾಮಿಗಳು. "ಬಿದಿರು ತಂದು ಬ್ಯಾರೆ ಕಟ್ರಿ."

"ಬ್ಯಾಡ್ರಿ," ಅಂದ ಶಿವಪ್ರಕಾಶ. "ಅಪ್ಪಾಜಿ ಇದರಾಗ ಹೋಗಬೇಕು. ನನ್ನ ಮಗಳು ಎಲ್ಲಾ ಬರದಿಟ್ಟಾಳ, ತರ್ತಾಳ."

ಬಾಗಿಲ ಹಿಂದೆ ತೇಜಸ್ವಿನಿ ಡೈರಿಯನ್ನು ಎದೆಗವಚಿಕೊಂಡು ನಿಂತಳು.

* * *

ಉಪ್ಪಲ್ ಇನ್ನೂ ಊರಿನಂತಿದ್ದಾಗ ಸಂಗಣ್ಣ ಬಸವಕಲ್ಯಾಣದ ಕಡೆಯಿಂದ ಬಂದು ಅಡ್ಡೆ ಹಾಕಿದ್ದ. ಬಾಗಿಲು, ಕಿಟಕಿ, ತೊಲೆ ಕೊಯ್ದು ಮಾರಿದ. ತಮ್ಮವರಲ್ಲಿ ಯಾರಾದರೂ ತೀರಿಕೊಂಡರೆ ಈ ಪಟ್ಟಣದಲ್ಲಿ ವಿಮಾನ ಕಟ್ಟಬಲ್ಲವರೇ ಸಿಗುತ್ತಿರಲಿಲ್ಲ. ಒಮ್ಮೆ ಪ್ಲಾಸ್ಟಿಕ್ ಕುರ್ಚಿಗೆ ಹಗ್ಗ ಬಿಗಿದು ಹೊತ್ತದ್ದನ್ನು ಅವನು ನೋಡಿದ. ಮರುವಾರವೇ ಉಳಿದ ತೇಗದ ತುಂಡುಗಳಿಗೆ ರಂದಾ ಹೊಡೆದು ನಯ ಮಾಡಿ, ಮಡಚಿ ಆಟೋದಲ್ಲಿ ಒಯ್ಯಬಲ್ಲ ವಿಮಾನ ಮಾಡಿದ. ತಾನೇ ಕೂತು, ನಾಲ್ವರು ಹಮಾಲರಿಂದ ಹೊರಿಸಿಕೊಂಡು ಅಂಗಳ ಸುತ್ತಿದ. ಅಜ್ಜಿ ಮೂರು ದಿನ ಮಾತು ಬಿಟ್ಟಳು. ಅಂದಿನಿಂದ ಸಾವಿನ ಮನೆಗೆಲ್ಲ ವಿಮಾನದ ಜತೆ ತಾನೇ ಹೋಗಿ ಬಿಚ್ಚಿ ಕೊಡುತ್ತಿದ್ದ.

ಹೋದ ದೀಪಾವಳಿಯ ಹೊತ್ತಿಗೆ ಹಳೆಯ ಕೀಲು ಸಡಿಲಾಗಿ, ಹೊಸದನ್ನು ಕೂಡಿಸಿದ. ತಾರ್ನಾಕದ ಯೂನಿವರ್ಸಿಟಿಯಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿದ್ದ ಮೊಮ್ಮಗಳನ್ನು ಕರೆದ.

"ನಿನ್ನ ಅಕ್ಷರ ಚಂದ ಅದಾವು ತೇಜವ್ವಾ. ಇದನ್ನ ಹೆಂಗ ಬಿಚ್ಚೂದು ಅಂತ ಒಂದು ಹಾಳ್ಯಾಗ ಬರಿ. ನಾಳಿ ನಾ ಹ್ವಾದ್ರ ನಿಮ್ಮಪ್ಪನ ಕೈಲೆ ಆಗೂದಿಲ್ಲ. ನೀ ಬರಿ, ಜಾಗ ನಾ ಮಾಡಿಡ್ತೀನಿ."

ಅವನು ತೋರಿಸಿದ. ಅವಳು ನೋಡಿದಳು, ಆದರೆ ಮನಸ್ಸು ಅಲ್ಲಿರಲಿಲ್ಲ. ಹೆಣ ಹೊರುವ ಕುರ್ಚಿಗೆ ತನ್ನ ಅಕ್ಷರವೇ ಎಂದು ಅವಳಿಗೆ ಬೇಡವೆನಿಸಿತ್ತು. ಅಂದು ರಾತ್ರಿ ಡೈರಿಯಲ್ಲಿ ಮಳೆಯ ಬಗ್ಗೆ, ಗೆಳತಿಯ ಮುನಿಸಿನ ಬಗ್ಗೆ ಎರಡು ಪುಟ ಬರೆದಳು. ಇದನ್ನು ಬರೆಯಲಿಲ್ಲ.

ವಾರ ಬಿಟ್ಟು ಅವನು ಕೇಳಿದ, "ಬರದೇನವ್ವಾ?"

"ಬರದೀನಿ ಮುತ್ಯಾ."

ಕಣ್ಣಿಗೆ ಪೊರೆ ಬಂದಿದ್ದ ಮುದುಕ ತೋರಿಸು ಅನ್ನಲಿಲ್ಲ. ಮೊಮ್ಮಗಳು ಬರೆದಿಟ್ಟಿದ್ದಾಳೆಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ. ಅವನು ಹೇಳಿಕೊಂಡಷ್ಟೂ ಅವಳಿಗೆ ಬಿಚ್ಚುವುದನ್ನು ಮತ್ತೆ ತೋರಿಸು ಎಂದು ಕೇಳುವ ಬಾಯಿ ಕಟ್ಟುತ್ತ ಹೋಯಿತು.

* * *

"ಸಿಗವಲ್ದು," ಎಂದಳು ಹೊರಗೆ ಬಂದು. ಅಷ್ಟೇ ಎಂದಳು.

ಶಿವಪ್ರಕಾಶ ತಂದೆಯ ಮುಖ ನೋಡಿ, ಕೊಯ್ಯಲು ಆಚಾರಿಗೆ ತಲೆಯಾಡಿಸಿದ. ಆಚಾರಿ ಗರಗಸವನ್ನು ಕಣ್ಣಿಗೊತ್ತಿಕೊಂಡ. ಹಳೆಯ ತೇಗದ ವಾಸನೆ ಎದ್ದಿತು. ಒಂದೊಂದು ಎಳೆತಕ್ಕೂ ತೇಜಸ್ವಿನಿಯ ನಾಲಗೆಯ ಮೇಲೆ ಒಂದೇ ಮಾತು ಬಂದು ಹಿಂದೆ ಸರಿಯಿತು.

ಅಡ್ಡಪಟ್ಟಿ ತುಂಡಾಯಿತು. ವಿಮಾನ ತಾನಾಗಿ ಬಿಚ್ಚಿಕೊಂಡಿತು. ಕೊಯ್ದ ತುಂಡನ್ನು ಆಚಾರಿ ತಿರುಗಿಸಿ ನೋಡಿ, ಒಳಗಿದ್ದ ಚಿಕ್ಕ ಬೆಣೆಯನ್ನು ಕಿರುಬೆರಳಿಂದ ಸರಿಸಿದ. ಅದು ಬೆಣ್ಣೆಯಲ್ಲಿ ಜಾರಿದಂತೆ ಜಾರಿತು.

"ಅಯ್ಯೋ. ಕೆಳಗಿಂದ ಇಷ್ಟು ಎಡಕ್ಕ ಸರಿಸಿದ್ರ ಸಾಕಿತ್ತಲ್ಲೋ ದೇವುಡಾ."

ಮುರಿದ ಕಡೆ ಹಗ್ಗ ಬಿಗಿದರು. ಹಗ್ಗ ಬೇಡವೆಂದೇ ಇದನ್ನು ಮಾಡಿದವನನ್ನು ಅದರಲ್ಲೇ ಕೂರಿಸಿ ಹೊತ್ತರು. ಮೆಟ್ರೋ ಕಂಬಗಳ ನೆರಳಿನಲ್ಲಿ, ಹಾರ್ನುಗಳ ನಡುವೆ, ಮುತ್ಯಾ ಸ್ವಲ್ಪ ಎಡಕ್ಕೆ ವಾಲಿಕೊಂಡೇ ಹೋದ.

ರುದ್ರಭೂಮಿಯಲ್ಲಿ ಅವನನ್ನು ಕುಣಿಗಿಳಿಸಿ, ಬಿಲ್ವಪತ್ರೆ, ವಿಭೂತಿ ತುಂಬಿ ಮಣ್ಣೆಳೆದರು. ಬರಿದಾದ ವಿಮಾನಕ್ಕೆ ಅಂಟಿದ ಹೂವು ಕೊಡವಲು ಯಂಕಮ್ಮ ಅದನ್ನು ಬೋರಲು ಹಾಕಿದಳು.

"ಇದೇನ್ರಿ ಇಲ್ಲಿ?"

ಆಸನದ ತಳದಲ್ಲಿ ಒಂದು ಹಾಳೆ ಹಿಡಿಸುವಷ್ಟು ಚೌಕವನ್ನು ತೋಡಿ, ಮರವನ್ನು ಕನ್ನಡಿಯಂತೆ ನುಣುಪು ಮಾಡಲಾಗಿತ್ತು. ಸುತ್ತ ಬಳ್ಳಿಯ ಕೆತ್ತನೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಸಣ್ಣ ಹಿತ್ತಾಳೆ ಮೊಳೆಗಳು. ಮೊಳೆ ಎಂದರೆ ಆಗದ ಮುತ್ಯಾ, ಅವನ್ನು ಅರ್ಧ ಹೊಡೆದು ಬಿಟ್ಟಿದ್ದ.

"ಹಾಳಿ ಇಲ್ಲೇ ಬಡದಿದ್ರು ನೋಡ್ರಿ. ಎಲ್ಲೋ ಹರದು ಬಿದ್ದೈತಿ," ಅಂದಳು ಯಂಕಮ್ಮ. "ಪಾಪ, ಕೂಸು ಮುಂಜಾನಿಂದ ಮನಿಯೆಲ್ಲಾ ಹುಡುಕಿತು."

ಶಿವಪ್ರಕಾಶ ಮಗಳ ತಲೆಯ ಮೇಲೆ ಮಣ್ಣಾದ ಕೈಯಿಟ್ಟ. "ನೀ ಮನಸಿಗಿ ಹಚ್ಕೋಬ್ಯಾಡವ್ವಾ. ಬಿದ್ದು ಹೋಗಿದ್ದಕ್ಕ ನೀ ಏನ್ ಮಾಡ್ತಿ? ಬರದು ಕೊಟ್ಟಿದ್ದೀಯಲ್ಲ, ಅವರ ಜೀವಕ್ಕ ಅಷ್ಟ ಸಾಕಾಗಿತ್ತು."

ತಲೆಯಾಡಿಸಿದರೆ ಮುಗಿದುಹೋಗುತ್ತಿತ್ತು. ಇಡೀ ಮನೆ ನಂಬಲು ಸಿದ್ಧವಾಗಿ ನಿಂತಿತ್ತು. ಅಪ್ಪ ಬಾಗಿ, ಒಂದು ಮೊಳೆಯ ತಲೆಗಂಟಿದ ಮಣ್ಣನ್ನು ಬೆರಳಿಂದ ಒರೆಸತೊಡಗಿದ.

"ಬಿದ್ದಿಲ್ಲಪ್ಪಾ," ಅಂದಳು ತೇಜಸ್ವಿನಿ. ದನಿ ಅವಳಿಗೇ ಅಪರಿಚಿತವಾಗುವಷ್ಟು ದೊಡ್ಡದಾಗಿತ್ತು. "ನಾ ಬರದೇ ಇಲ್ಲ."

ಅಪ್ಪನ ಬೆರಳು ಆ ಮೊಳೆಯ ಮೇಲೆ ಹಾಗೆಯೇ ನಿಂತಿತು.