ಕಾಲರಿನೊಳಗಿನ ಕೆಂಪು ದಾರ

"ನೀನು ಬರೀ ಬೈತೀಯ. ತಾತ ನೋಡು, ಕೇಳಿದ್ದೇ ತಂದುಕೊಟ್ಟ," ಎಂದು ಪುಟ್ಟಿ ಹೊಸ ನೀಲಿ ಕೋಟು ತೊಟ್ಟು ಕನ್ನಡಿಯ ಮುಂದೆ ಗಿರಕಿ ಹೊಡೆದಳು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅವಳ ಅಮ್ಮ, ಬೀದಿಯವರ ಬಾಯಲ್ಲಿ ಟೈಲರಮ್ಮ, ಒಳಗೊಳಗೇ ಉರಿದುಕೊಂಡಳು.

ಉರಿಯದೆ ಇನ್ನೇನು? ಹೊಸ ವರ್ಷದ ದಿನ ಬೆಳಗಾಗುವುದರೊಳಗೆ ಉಡುಗೊರೆ ತಾತ ಬಂದು, ಕಿಟಕಿಯಲ್ಲಿಟ್ಟ ಮಕ್ಕಳ ಚಪ್ಪಲಿಯ ಪಕ್ಕ ಬೇಕಾದ್ದನ್ನು ಇಟ್ಟು ಹೋಗುತ್ತಾನಂತೆ. ಈ ಕಥೆ ಕಟ್ಟಿದವನು ಅವಳ ಗಂಡ, ಬಸ್ ಡ್ರೈವರ್. ಕಟ್ಟಿ ಕೈತೊಳೆದುಕೊಂಡ. ಮಗಳು ಶಾಲೆಗೆ ಹೋದಾಗಲೆಲ್ಲ ಗಿರಾಕಿಗಳ ಬಟ್ಟೆ ಬದಿಗಿಟ್ಟು, ಕದ್ದುಮುಚ್ಚಿ ಕೋಟು ಹೊಲಿದವಳು ಇವಳು. ಸೂಜಿ ಚುಚ್ಚಿದ ಬೆರಳು ಇನ್ನೂ ನೋಯುತ್ತಿದೆ. ಹೆಸರು ಮಾತ್ರ ಹುಟ್ಟೇ ಇಲ್ಲದ ಆ ಮುದುಕನಿಗೆ!

ಇನ್ನೊಂದೆರಡು ವರ್ಷ ನಂಬಿಕೊಂಡಿರಲಿ ಬಿಡು ಎಂದು ಗಂಡ ಬೆಳಗ್ಗೆ ಹಲ್ಲು ಕಿರಿದು ಹೋಗಿದ್ದ. ಅವನಿಗೇನು, ಕತ್ತೆ ಚಾಕರಿ ಇವಳದ್ದು. ಅಮ್ಮ ಕೊಟ್ಟಳು ಅಂತ ಮಗಳ ಬಾಯಲ್ಲಿ ಒಂದೇ ಒಂದು ಸಲ ಕೇಳಬೇಕಿತ್ತು ಅವಳಿಗೆ. ಯಂತ್ರ ನಿಲ್ಲಿಸಿದಳು.

"ಕೋಟು ಬಿಚ್ಚು. ಕಾಲರ್ ಒಳಗೆ ಏನಿದೆ ನೋಡು."

ಕೆಂಪು ದಾರದ ಒಂದು ಪುಟ್ಟ ಗುರುತಿತ್ತು. ರಿಪೇರಿಗೆ ವಾಪಸು ಬಂದಾಗ ತನ್ನ ಕೈಯ ಹೊಲಿಗೆ ಗೊತ್ತಾಗಲೆಂದು ಟೈಲರಮ್ಮ ಎಲ್ಲ ಬಟ್ಟೆಗೂ ಹಾಕುವ ಗುರುತು. ಅಭ್ಯಾಸಬಲದಿಂದ ಇದಕ್ಕೂ ಹಾಕಿಬಿಟ್ಟು ಅವತ್ತು ನಾಲಿಗೆ ಕಚ್ಚಿಕೊಂಡಿದ್ದಳು. ಈಗ ಅದೇ ಕೆಲಸಕ್ಕೆ ಬಂತು.

ಪುಟ್ಟಿ ಗುರುತನ್ನು ಬೆರಳಲ್ಲಿ ಸವರಿದಳು. ಅವಳ ಯೂನಿಫಾರ್ಮಿನಲ್ಲೂ ಅದೇ ಇದೆ. ಮುಖ ಸಣ್ಣದಾಯಿತು.

"ಇದು ನೀನು ಹೊಲಿದಿದ್ದು."

"ಹೂಂ," ಎಂದಳು ಟೈಲರಮ್ಮ. ಸದ್ಯ, ಅರ್ಥವಾಯಿತಲ್ಲ ಎಂದುಕೊಂಡಳು.

"ಹಾಗಾದ್ರೆ ತಾತ ನಿನ್ ಹತ್ರ ಹೊಲಿಸ್ಕೊಂಡು ಹೋಗಿದ್ದಾನೆ. ನಿಂಗೇನು ಕೊಟ್ಟ?"

ಟೈಲರಮ್ಮ ಹಣೆ ಚಚ್ಚಿಕೊಂಡಳು. "ಏನೂ ಕೊಟ್ಟಿಲ್ಲ ಮಾರಾಯ್ತಿ, ಯಾರೂ ಏನೂ ಕೊಟ್ಟಿಲ್ಲ."

ಬಿಡಿಸಿ ಹೇಳೋಣವೆಂದರೆ ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿ. ಪ್ಯಾಂಟು ಉದ್ದವಾಯಿತೆಂದು ಅವನ ರಗಳೆ. ಅವನನ್ನು ಸಾಗಹಾಕಿ ಒಳಗೆ ಬಂದರೆ ಕೋಟು ಮಡಚಿಕೊಂಡು ಸ್ಟೂಲಿನ ಮೇಲೆ ಕೂತಿತ್ತು. ಪುಟ್ಟಿ ಹಳೆಯ ಸ್ವೆಟರಿನಲ್ಲಿ ಕಿಟಕಿಯ ಕೆಳಗೆ ಕೈಕಟ್ಟಿ ನಿಂತಿದ್ದಳು.

"ತಾತ ನಿಂಗೂ ಕೊಡೋವರೆಗೆ ನಾನು ಹಾಕ್ಕೊಳ್ಳಲ್ಲ," ಎಂದಳು.

ಕಿಟಕಿಯಲ್ಲಿ ಅವಳ ಚಪ್ಪಲಿ ಇರಲಿಲ್ಲ. ಆ ಜಾಗದಲ್ಲಿ, ಬಾರು ಕಿತ್ತು ಪಿನ್ನು ಹಾಕಿದ್ದ ಟೈಲರಮ್ಮನ ಚಪ್ಪಲಿ, ಧೂಳು ಒರೆಸಿಕೊಂಡು, ಬೀದಿಗೆ ಮುಖ ಮಾಡಿ ಕೂತಿತ್ತು.