ಓಮದ ನೀರು

ವಿಟ್ಲದಲ್ಲಿ ಕಾರು ಹತ್ತುವಾಗಲೇ ಹನಾ ಬಣ್ಣದ ಚೆಂಡೊಂದನ್ನು ಊದಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎಂಟು ವರ್ಷದ ಮಗಳಿಗೆ ನಾವು ಹೇಳಿದ್ದು ಬೀಚಿಗೆ ಹೋಗುವುದೆಂದು. ಉಳ್ಳಾಲದಲ್ಲಿ, ಕಡಲ ಬದಿಯ ನನ್ನ ತಮ್ಮನ ಮನೆಯಲ್ಲಿ ಮಲಗಿದ್ದ ನನ್ನ ತಾಯಿ, ಉಮ್ಮನಿಗೆ ಹೇಳಿದ್ದೂ ಅದನ್ನೇ.

ಈ ಯೋಜನೆ ಝುಬೈರ್ ಕಾಕನದ್ದು. ಕಾಕ ಎಂದರೆ ನನ್ನ ಅಣ್ಣ, ಬೆಳ್ತಂಗಡಿಯಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ಅಧಿಕಾರ ನಡೆಸುವ ಮನುಷ್ಯ. ಉಮ್ಮನ ಹೊಟ್ಟೆಯ ಗಡ್ಡೆ ಲಿವರಿಗೂ ಹರಡಿದೆ, ಇನ್ನು ಹದಿನೈದು ದಿನ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ಸಂಜೆಯೇ ಅವನು ಮನೆಯವರ ವಾಟ್ಸಾಪ್ ಗುಂಪಿಗೆ ವಾಯ್ಸ್ ಹಾಕಿದ್ದ.

"ಉಮ್ಮನಿಗೆ ಹುಣ್ಣು ಅಂತಲೇ ಹೇಳಿದ್ದೇವೆ. ಎಲ್ಲರೂ ಒಟ್ಟಿಗೆ ಬಂದು ಸುತ್ತ ಕೂತರೆ ಅವರಿಗೆ ಗೊತ್ತಾಗ್ತದೆ. ಭಾನುವಾರ ಮಕ್ಕಳನ್ನು ಬೀಚಿಗೆ ಕರ್ಕೊಂಡು ಬಂದದ್ದು, ಹಾಗೇ ಒಳಗೆ ಹೊಕ್ಕಿದ್ದು ಅಂತ ಹೇಳುವ. ಅಳುವವರು ಬರುವುದೇ ಬೇಡ. ಮತ್ತೆ ಪೊರುತ್ತ ಗಿರುತ್ತ ಅಂತ ಯಾರೂ ಬಾಯಿ ಬಿಡಬಾರದು. ಫಾಹಿಮಾ, ನಿನಗೇ ಹೇಳುವುದು."

ನನಗೇ! ಮೂರು ಮಕ್ಕಳಲ್ಲಿ ಬಾಯಿ ಜೋರು ಇರುವುದು ನನ್ನದೊಂದೇ ಎಂಬಂತೆ.

ಪೊರುತ್ತ ಕೇಳುವುದೆಂದರೆ, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪನ್ನೆಲ್ಲ ಮನ್ನಿಸಿಬಿಡಿ ಎಂದು ಕೈ ಹಿಡಿದು ಕೇಳುವುದು. ನಮ್ಮ ಬ್ಯಾರಿ ಮುಸ್ಲಿಮರಲ್ಲಿ ಅದನ್ನು ಮುಖ್ಯವಾಗಿ ಎರಡು ಹೊತ್ತಿನಲ್ಲಿ ಕೇಳುತ್ತಾರೆ. ಮಕ್ಕಾ ಯಾತ್ರೆಗೆಂದು ಹಜ್ಜಿಗೋ ಉಮ್ರಾಕ್ಕೋ ಹೊರಟಾಗ, ಇಲ್ಲವೇ ಎದುರಿಗಿರುವವರು ಇನ್ನು ಉಳಿಯುವುದಿಲ್ಲ ಎಂದಾಗ. ಹಾಸಿಗೆ ಹಿಡಿದವರ ಹತ್ತಿರ ಸುಮ್ಮಸುಮ್ಮನೆ ಕೇಳಿದರೆ, ನೀವು ಸಾಯುತ್ತೀರಿ ಎಂದು ಮುಖಕ್ಕೆ ಹೇಳಿದ ಹಾಗೆಯೇ. ಕಾಕ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ನನ್ನ ಕಷ್ಟ ಅವನಿಗೆ ಗೊತ್ತಿರಲಿಲ್ಲ.

ಉಮ್ಮನಿಗೆ ಹೊಟ್ಟೆನೋವು ಶುರುವಾಗಿ ಏಳು ತಿಂಗಳು. ಗಂಡುಮಕ್ಕಳ ಹತ್ತಿರ ಹೇಳಲು ನಾಚಿಕೆ, ತಮ್ಮನ ಹೆಂಡತಿ ಶಹಲಾಳಿಗೆ ತೊಂದರೆ ಕೊಡಲು ಸಂಕೋಚ. ಹಾಗಾಗಿ ಶುಕ್ರವಾರ ಶುಕ್ರವಾರ ನನಗೆ ಫೋನ್ ಮಾಡಿ ಹೇಳುತ್ತಿದ್ದರು. ನಾನು ವಿಟ್ಲ ಪೇಟೆಯಲ್ಲಿ ಬಟ್ಟೆ ಹೊಲಿಯುವವಳು. ಪೆರ್ನಾಲ್ ಹಬ್ಬ ಹತ್ತಿರ, ಮೇಜಿನ ಮೇಲೆ ಚೂಡಿದಾರದ ರಾಶಿ. ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ಮಿಷನ್ ತುಳಿಯುವುದನ್ನು ನಿಲ್ಲಿಸದೆ ಹೇಳುತ್ತಿದ್ದೆ, "ಗ್ಯಾಸ್ ಉಮ್ಮಾ. ಓಮದ ನೀರು ಕುಡಿಯಿರಿ." ಪ್ರತಿ ಶುಕ್ರವಾರ ಅದೇ ಓಮದ ನೀರು. ಒಂದು ಸಲವಂತೂ, "ನಿಮಗೆ ಬೇರೆ ಕೆಲಸ ಇಲ್ಲವಾ?" ಎಂದುಬಿಟ್ಟೆ. ಅದರ ನಂತರ ಅವರು ನೋವಿನ ಸುದ್ದಿ ಎತ್ತಲಿಲ್ಲ. ನಾನು, ಪೆದ್ದಿ, ವಾಸಿಯಾಯಿತು ಎಂದುಕೊಂಡೆ. ಸ್ವಲ್ಪ ಮೊದಲೇ ತಂದಿದ್ದರೆ ಆಪರೇಷನ್ ಮಾಡಬಹುದಿತ್ತು ಎಂದು ಡಾಕ್ಟರು ಹೇಳಿದಾಗ, ಆಸ್ಪತ್ರೆಯ ಗೋಡೆ ಹಿಡಿದು ನಿಂತಿದ್ದವಳು ನಾನೊಬ್ಬಳೇ.

ಪೊರುತ್ತ ಸಿಗದೆ ಉಮ್ಮ ಹೋಗಿಬಿಟ್ಟರೆ ನಾನು ಬದುಕುವುದು ಹೇಗೆ? ಮುಡಿಪು ದಾಟಿ ತೊಕ್ಕೊಟ್ಟು ಸೇರುವವರೆಗೆ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಕಾರು ನಡೆಸುತ್ತಿದ್ದ ನನ್ನ ಗಂಡ ಯಾಕೂಬ್ ಎರಡು ಸಲ "ಏನಾಯ್ತು ಮಾರಾಯ್ತಿ?" ಎಂದು ಕೇಳಿದರು. ನಾನು ಎರಡು ಸಲವೂ ರೇಗಿದೆ.

ಉಮ್ಮ ಕಿಟಕಿಯ ಪಕ್ಕದ ಮಂಚದಲ್ಲಿದ್ದರು. ಹೊಟ್ಟೆ ಊದಿತ್ತು, ಉಳಿದ ಮೈಯೆಲ್ಲ ಬತ್ತಿತ್ತು. ಕಣ್ಣು ಹಳದಿ. ಆದರೆ ನಾಲಗೆ ಹಳೆಯದೇ.

"ಅಲ್ಲಾ, ಎಲ್ಲರಿಗೂ ಒಂದೇ ದಿನ ಕಡಲು ನೆನಪಾಯಿತಾ?" ಎಂದರು. "ಝುಬೈರ್, ನೀನು ಅಂಗಡಿ ಮುಚ್ಚಿ ನೀರಾಟಕ್ಕೆ ಬಂದದ್ದಾ?"

ಕಾಕ ಹಲ್ಲು ಕಿರಿದು, ಮಕ್ಕಳ ಹಟ ಉಮ್ಮಾ ಎಂದ. ಅವನು ಅಷ್ಟು ಕೆಟ್ಟದಾಗಿ ನಗುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಹನಾ ಅಜ್ಜಿಯ ಕೆನ್ನೆಗೆ ಮುತ್ತಿಟ್ಟು ಚೆಂಡು ತೋರಿಸಿದಳು. ಯಾಕೂಬ್ ಮಕ್ಕಳನ್ನು ಕಡಲಿಗೆ ಕರೆದುಕೊಂಡು ಹೋದರು. ತಮ್ಮ ನೌಫಲ್ ಬಾಗಿಲ ಬಳಿ ತಲೆ ತಗ್ಗಿಸಿ ನಿಂತ. ಶಹಲಾ ಚಹಾಕ್ಕೆ ಎದ್ದಳು.

ನಾನು ಮಂಚದ ಅಂಚಿನಲ್ಲಿ ಕೂತೆ. ಉಮ್ಮನ ಕೈ ಹಿಡಿದೆ. ತಣ್ಣಗಿತ್ತು. ಕಾಕ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ತಡೆದೆ, ನುಂಗಿದೆ. ಕೊನೆಗೆ ನನ್ನ ಹಾಳು ಬಾಯಿಂದ ಬಂದದ್ದು ಇದು:

"ಉಮ್ಮಾ, ನಾನು ಉಮ್ರಾಕ್ಕೆ ಹೋಗ್ತೇನೆ. ಹಾಗೆ ಪೊರುತ್ತ ಕೇಳಿ ಹೋಗುವ ಅಂತ..."

ಯಾ ಅಲ್ಲಾಹ್! ನನ್ನ ಹತ್ತಿರ ಪಾಸ್‌ಪೋರ್ಟೇ ಇಲ್ಲ. ಪವಿತ್ರ ಯಾತ್ರೆಯ ಹೆಸರಿನಲ್ಲಿ, ಸಾಯುತ್ತಿರುವ ತಾಯಿಯ ಹತ್ತಿರ ಸುಳ್ಳು ಹೇಳಿದ್ದೆ. ಕಾಕನ ಬಾಯಿ ತೆರೆದೇ ಉಳಿಯಿತು.

ಉಮ್ಮ ಮುಖವನ್ನು ನನ್ನ ಕಡೆ ತಿರುಗಿಸಿದರು.

"ಯಾರ ಒಟ್ಟಿಗೆ?"

"ಇವರ ಒಟ್ಟಿಗೆ."

"ಯಾಕೂಬ್‌ಗೆ ಜೋಕಾಲಿ ಹತ್ತಿದರೆ ತಲೆ ತಿರುಗ್ತದೆ. ವಿಮಾನ ಹತ್ತುತ್ತಾನಾ?"

ನಾನು ಅವರ ಹೊದಿಕೆ ಸರಿಮಾಡಿದೆ.

"ಯಾವಾಗ ಹೊರಡುವುದು?"

"ಬರುವ ತಿಂಗಳು."

"ಬರುವ ತಿಂಗಳು ಅಂದರೆ ನನಗಾಗುವುದಿಲ್ಲ. ಇವತ್ತೇ ಕೇಳು," ಎಂದರು ಉಮ್ಮ. ಆಮೇಲೆ ಇದ್ದ ಶಕ್ತಿಯನ್ನೆಲ್ಲ ಒಟ್ಟು ಮಾಡಿ ಧ್ವನಿ ಎತ್ತಿದರು. "ಝುಬೈರ್, ನೌಫಲ್, ಶಹಲಾ, ಎಲ್ಲ ಇಲ್ಲಿ ಬನ್ನಿ. ಫಾಹಿಮಾ ಉಮ್ರಾಕ್ಕೆ ಹೊರಟಿದ್ದಾಳೆ. ಒಬ್ಬರು ಹೊರಟರೆ ಮನೆಯವರೆಲ್ಲ ಒಬ್ಬರಿಗೊಬ್ಬರು ಪೊರುತ್ತ ಕೇಳಿಕೊಳ್ಳಬೇಕು. ನನ್ನ ಹತ್ತಿರವೂ ಕೇಳಿ. ಅದರಲ್ಲಿ ಹೆದರುವುದು ಎಂತದ್ದು?"

ಅಂಥ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಹೊರಡುವವರು ಕೇಳುತ್ತಾರೆ, ಉಳಿದವರು ಕೊಡುತ್ತಾರೆ, ಅಷ್ಟೇ. ಅದು ನಮಗೆಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಹಾಗಲ್ಲ ಎನ್ನಲಿಲ್ಲ.

ಮೊದಲು ಶಹಲಾ ಬಂದಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ನಂತರ ನೌಫಲ್. ಅವನು ಏನು ಕೇಳಿದನೋ, ತೊದಲಿದ್ದರಿಂದ ನನಗೆ ತಿಳಿಯಲಿಲ್ಲ. ಕೊನೆಗೆ, ಅಳುವವರು ಬರುವುದೇ ಬೇಡ ಎಂದಿದ್ದ ನಮ್ಮ ಕಾಕ ಉಮ್ಮನ ಪಾದ ಹಿಡಿದುಕೊಂಡು, ಐವತ್ತೆರಡು ವರ್ಷದ ಗಂಡಸು, ಹೋ ಎಂದು ಅತ್ತುಬಿಟ್ಟ.

"ಎಂತ ಅಳುವುದು? ಹೋಗುವುದು ಅವಳಲ್ಲವಾ?" ಎಂದರು ಉಮ್ಮ. ಅವನ ತಲೆ ಸವರಿದರು. "ಎಲ್ಲ ಪೊರುತ್ತ. ನೀವೂ ನನಗೆ ಕೊಡಿ."

ನಾವು ಕೊಟ್ಟೆವು. ನಾನೂ ಕೇಳಿದೆ, ಹೇಳಿದ್ದು ಕೇಳಿದ್ದು ಎಲ್ಲ ಮನ್ನಿಸಿ ಉಮ್ಮಾ ಎಂದು. ಎಲ್ಲರಿಗೆ ಕೊಟ್ಟ ಹಾಗೆಯೇ ನನಗೂ ಕೊಟ್ಟರು. ಆದರೆ ಅದು ನನ್ನ ಎದೆಗೆ ಇಳಿಯಲಿಲ್ಲ. ಎಲ್ಲ ಎಂಬುದರಲ್ಲಿ ನನ್ನ ಏಳು ತಿಂಗಳು ಸೇರುತ್ತದೆಯೇ? ಹೆಸರು ಹಿಡಿದು ಕೇಳದ ತಪ್ಪಿಗೆ ಮಾಫಿ ಉಂಟೇ? ಕೇಳಬೇಕಾದರೆ ಕಾಕನ ಎದುರು, ನೌಫಲನ ಎದುರು ಕೇಳಬೇಕು. ಆ ಧೈರ್ಯ ನನಗಿರಲಿಲ್ಲ. ಅಷ್ಟು ದೊಡ್ಡ ಬಾಯಿ ಆಗ ಹೊಲಿದ ಹಾಗೆ ಮುಚ್ಚಿಕೊಂಡಿತು.

ಕಾಕ ಮುಖ ತೊಳೆಯಲು ಬಾವಿಕಟ್ಟೆಗೆ ಹೋದ. ನೌಫಲ್ ಅವನ ಹಿಂದೆ ಹೋದ. ಶಹಲಾ ಒಳಗೆ ಉಕ್ಕಿಹೋದ ಹಾಲನ್ನು ಒರೆಸುತ್ತಿದ್ದಳು. ಉಮ್ಮ ಕಣ್ಣು ಮುಚ್ಚಿಕೊಂಡೇ ನನ್ನ ಕಿವಿಯನ್ನು ಹಿಡಿದು ಹತ್ತಿರ ಎಳೆದರು. ಸಣ್ಣವಳಿದ್ದಾಗ ಹಾಗೆಯೇ ಎಳೆಯುತ್ತಿದ್ದರು.

"ನೋವು ಎಷ್ಟು ಸಮಯದಿಂದ ಅಂತ ಡಾಕ್ಟರು ಕೇಳಿದರು. ಒಂದು ತಿಂಗಳು ಅಂತ ಹೇಳಿದ್ದೇನೆ," ಎಂದರು. "ನೀನೂ ಹಾಗೆಯೇ ಹೇಳು. ಝುಬೈರನ ಬಾಯಿಗೆ ಬೀಳಬೇಡ. ಅವನು ಸಾಯುವವರೆಗೆ ಬಿಡುವುದಿಲ್ಲ."

"ಉಮ್ಮಾ, ನಾನು ಆಗಲೇ ಬಂದು ಕರ್ಕೊಂಡು ಹೋಗಬೇಕಿತ್ತು. ನಾನು ಮಿಷನ್ ತುಳೀತಾ ಕೂತೆ. ನಾನು..."

"ಶ್. ಓಮದ ನೀರು ಕುಡಿದಾಗ ನೋವು ಕಮ್ಮಿ ಆಗ್ತಿತ್ತು."

"ಇಲ್ಲ ಉಮ್ಮಾ. ಸುಳ್ಳು."

"ನೀನು ಉಮ್ರಾಕ್ಕೆ ಹೋಗುವುದು ಸತ್ಯವಾ?"

ಹೊರಗೆ ಕಡಲ ಕಡೆಯಿಂದ ಮಕ್ಕಳ ಕೂಗು ಕೇಳುತ್ತಿತ್ತು. ಅದರಲ್ಲಿ ಹನಾಳದ್ದೂ ಇತ್ತು.

"ಈಗ ಸ್ವಲ್ಪ ಮಾಡಿ ತಾ," ಎಂದರು ಉಮ್ಮ. "ನೀನೇ ಮಾಡು. ಇಷ್ಟು ದಿನ ನಾನೇ ಮಾಡಿ ಕುಡಿದದ್ದು."

ನಾನು ಅಡುಗೆಮನೆಗೆ ಹೋದೆ. ಶಹಲಾ ಓಮದ ಡಬ್ಬಿ ತೋರಿಸಿದಳು. ತಳದಲ್ಲಿ ಒಂದು ಚಿಟಿಕೆ ಮಾತ್ರ ಉಳಿದಿತ್ತು. "ಆಸ್ಪತ್ರೆಗೆ ಹೋಗುವ ವಾರವಷ್ಟೇ ತುಂಬಿಸಿದ್ದು. ಅತ್ತೆ ಅದನ್ನು ಎಂತ ಮಾಡಿದರೋ," ಎಂದಳು ಪಾಪದವಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನೀರು ಕುದಿಯುವವರೆಗೆ ನಾನು ಒಲೆಯ ಎದುರು ಅತ್ತೆ. ಹೊಗೆ ಎಂದು ಹೇಳಲೂ ಆಗದು, ಗ್ಯಾಸ್ ಒಲೆ ಅದು.

ಉಮ್ಮನಿಗೆ ಎರಡು ದಿನದಿಂದ ನೀರೂ ಇಳಿಯುತ್ತಿರಲಿಲ್ಲ. ನಾನು ಅವರ ತಲೆಯನ್ನು ತೋಳಿನ ಮೇಲೆ ಎತ್ತಿ ಹಿಡಿದು ಚಮಚ ಬಾಯಿಗಿಟ್ಟೆ. ಗಂಟಲ ನರ ಬಿಗಿಯಿತು. ಅರ್ಧ ಹೊರಗೆ ಬಂತು. ಇನ್ನರ್ಧವನ್ನು, ಮುಖ ಕಿವುಚಿ, ನನ್ನ ಕೈಯನ್ನು ಉಗುರು ಊರುವಷ್ಟು ಬಲವಾಗಿ ಹಿಡಿದು, ಹೇಗೋ ನುಂಗಿದರು. ನೋವಿಗೆ ಅವರ ಹಣೆಯೆಲ್ಲ ಬೆವತಿತ್ತು.

"ನೋಡು," ಎಂದರು ಉಮ್ಮ, "ಕಮ್ಮಿ ಆಯ್ತು."