ದುಬೇಗಳ ಓಣಿಯ ಕೈಪಂಪು

ಬಾಂದಾ ಸೀಮೆಯ ಜ್ಯೇಷ್ಠದ ಬಿಸಿಲಿಗೆ ಬಾಯಲ್ಲಿ ಪಸೆ ನಿಲ್ಲುವುದಿಲ್ಲ. ಅಂಥದರಲ್ಲಿ ಬ್ರಾಹ್ಮಣರಾದ ದುಬೇಗಳ ಓಣಿಯ ಕೈಪಂಪು ಕೆಟ್ಟು ಒಂಬತ್ತು ದಿನವಾಗಿತ್ತು. ಪಟ್ಟಣದ ಮೇಸ್ತ್ರಿ ಇವತ್ತು ಬಂದೆ, ನಾಳೆ ಬಂದೆ ಎನ್ನುತ್ತಲೇ ಇದ್ದ. ಹತ್ತನೆಯ ಬೆಳಿಗ್ಗೆ ಗಯಾದೀನ ದುಬೇ ತಾನೇ ಚಮ್ಮಾರರ ಕೇರಿಗೆ ಬಂದು, ಬೇವಿನ ಮರದಾಚೆ ನಿಂತು ಕೂಗಿದ: "ಮೇಸ್ತ್ರಿ ಸಂಪತಿಯಾ ಇದ್ದಾಳೇನಮ್ಮಾ?"

ರಾಮರತಿಯ ಕೈಯಿಂದ ಹೊಲಿಯುತ್ತಿದ್ದ ಕೌದಿ ಜಾರಿತು. ತನ್ನ ಕೇರಿಯ ಹೆಂಗಸಿನ ಹೆಸರಿಗೆ ದುಬೇಗಳು ಬೈಗುಳವಲ್ಲದೆ ಬೇರೇನಾದರೂ ಸೇರಿಸಿ ಕರೆದದ್ದನ್ನು ಅವಳು ಅರವತ್ತು ವರ್ಷದ ಬಾಳಿನಲ್ಲಿ ಕೇಳಿರಲಿಲ್ಲ.

ಸಂಪತಿಯಾ ಅವಳ ಸೊಸೆ. ಪಂಪು ರಿಪೇರಿ ಕಲಿತ ಎರಡು ವರ್ಷದಲ್ಲಿ ಸುತ್ತಲಿನ ಊರುಗಳಲ್ಲೆಲ್ಲ ಪಂಪು ಬಿಚ್ಚಿ ಜೋಡಿಸಿದ್ದಳು. ಸ್ವಂತ ಊರಿನ ಈ ಓಣಿಗೆ ಮಾತ್ರ ಯಾರೂ ಕರೆದಿರಲಿಲ್ಲ. ಅವಳ ಜೊತೆಗಾತಿ ತವರಿಗೆ ಹೋಗಿದ್ದಳು. "ಪೈಪ್ ಹಿಡ್ಯೋಕೆ ನೀನೇ ಬಾ ಅತ್ತೆ," ಎಂದಳು.

ಓಣಿಯ ಬಾಯಲ್ಲಿ ರಾಮರತಿ ಚಪ್ಪಲಿ ಕಳಚಿ ಕೈಗೆತ್ತಿಕೊಂಡಳು. ಯಾರೂ ಹೇಳಿರಲಿಲ್ಲ, ಕಾಲೇ ಹಾಗೆ ಕಲಿತಿತ್ತು.

"ಹಾಕ್ಕೋ ಅತ್ತೆ. ಕಬ್ಬಿಣ ಬಿದ್ದು ಬೆರಳು ಹೋದ್ರೆ ದುಬೇ ತಂದ್ಕೊಡ್ತಾನಾ?"

ಪಂಪಿನ ಸುತ್ತ ಗಂಡಸರು ಕೈಕಟ್ಟಿ ನಿಂತಿದ್ದರು. ಸಂಪತಿಯಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೋಲ್ಟು ಬಿಚ್ಚಿ, ಪಂಪಿನ ತಲೆ ಇಳಿಸಿದಳು. ಅತ್ತೆ ಸೊಸೆ ಇಬ್ಬರೂ ಸೇರಿ ಎಳೆದರೂ ಒಳಗಿನ ಪೈಪು ಗೇಣುದ್ದವೂ ಮೇಲೇಳಲಿಲ್ಲ.

"ಮಹಾರಾಜ್, ನೋಡ್ತಾ ನಿಂತ್ರೆ ನೀರು ತಾನಾಗೇ ಹತ್ತಿ ಬರಲ್ಲ. ಕೈ ಹಾಕಿ."

ಯಾರೂ ಅಲ್ಲಾಡಲಿಲ್ಲ. ಜಗಲಿಯಿಂದ ದುಬೇಯ ಮುದಿ ತಾಯಿ ಗದರಿದಳು: "ಏ ಗಯಾದೀನ, ಬಾಯಾರಿ ಸಾಯೋಳು ನಾನು ಕಣೋ! ಹಿಡಿಯೋ!"

ದುಬೇ ಹಿಡಿದ. ಪೈಪು ಜಗ್ಗಿದಾಗ ಅವನ ಅಂಗೈ ರಾಮರತಿಯ ಬೆರಳ ಮೇಲೇ ಕೂತಿತು. ಅವಳು ಬೆಚ್ಚಿ ಕೈ ಸಡಿಲಿಸಿದಳು.

"ಬಿಡ್ಬೇಡ ಅತ್ತೆ! ಬಿಟ್ರೆ ಎಲ್ಲಾ ಪಾತಾಳಕ್ಕೆ!"

ಅವಳು ಬಿಡಲಿಲ್ಲ. ದುಬೇಗೂ ಬಿಡುವ ಹಾಗಿರಲಿಲ್ಲ. ಹನ್ನೆರಡು ಪೈಪುಗಳೂ ಹಾಗೆಯೇ, ಕೈಮೇಲೆ ಕೈ ಬಿದ್ದುಕೊಂಡೇ ಮೇಲೆ ಬಂದವು.

ಕೊನೆಯಲ್ಲಿ ಬಂದ ಹಿತ್ತಾಳೆ ಕೊಳವೆಯೊಳಗಿಂದ ಸಂಪತಿಯಾ ಬಟ್ಟಲಿನಂಥ ಕಪ್ಪು ಬಿಲ್ಲೆಯೊಂದನ್ನು ಕಿತ್ತು ಅತ್ತೆಗೆ ಕೊಟ್ಟಳು. "ವಾಷರು. ಇದೇ ನೀರನ್ನ ಮೇಲಕ್ಕೆತ್ತೋದು. ಸವೆದೋಗಿದೆ."

ರಾಮರತಿ ಹೆಬ್ಬೆರಳಿಂದ ಒತ್ತಿದಳು. ತೀರಿಹೋದ ಗಂಡನ ಜೊತೆ ಮೂವತ್ತು ವರ್ಷ ಹದ ಮಾಡಿದ್ದನ್ನು ಬೆರಳು ಮರೆಯುತ್ತದೆಯೇ? "ಅಯ್ಯೋ, ಎಮ್ಮೆ ತೊಗಲು!" ಎಂಬ ಮಾತು ಬಾಯಿಂದ ಹೊರಬಿದ್ದೇಬಿಟ್ಟಿತು.

ಸುತ್ತ ನಿಂತ ಗಂಡಸರು ಒಂದು ಹೆಜ್ಜೆ ಹಿಂದೆ ಸರಿದರು.

"ಏನಂದ್ಲು? ತೊಗಲಾ?" ಮುದುಕಿ ಕೋಲೂರಿ ಜಗಲಿ ಇಳಿದು ಬಂದಳು. ಬಿಲ್ಲೆಯನ್ನು ನೋಡಿದಳು, ಮಗನನ್ನು ನೋಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಗತೊಡಗಿದಳು. "ನಿಮ್ಮಪ್ಪ ಸಾಯೋ ತನಕ ಇದೇ ನೀರಲ್ಲಿ ಸಂಧ್ಯಾವಂದನೆ ಮಾಡಿದ್ನಲ್ಲೋ!"

ಹೊಸ ವಾಷರು ಕೂತು, ಪೈಪುಗಳು ಇಳಿದವು. "ನೀನೇ ಹೊಡಿ ಅತ್ತೆ," ಎಂದಳು ಸಂಪತಿಯಾ.

ಹೊಸ ಮದುವಣಗಿತ್ತಿಯಾಗಿದ್ದಾಗ ಇದೇ ಓಣಿಯ ಬಾವಿಯಿಂದ ಹತ್ತು ಮಾರು ದೂರದಲ್ಲಿ ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ಎತ್ತಿ ಹೊಯ್ದಾರೆಂದು ಮಧ್ಯಾಹ್ನದವರೆಗೆ ಕಾದು ಕೂತವಳು ಅವಳು. ಈಗ ಹಿಡಿಕೆ ಒತ್ತಿದಳು. ಪಂಪು ಒಣ ಕೆಮ್ಮು ಕೆಮ್ಮಿತು. ತುಕ್ಕಿನ ನೀರು ಉಗುಳಿತು. ಆಮೇಲೆ ಸ್ವಚ್ಛವಾದ ತಣ್ಣನೆಯ ಧಾರೆ ದಬದಬನೆ ಸುರಿಯಿತು. ತನ್ನ ಸೊರಗಿದ ತೋಳಿನ ಒಂದೊಂದು ಒತ್ತಿಗೂ ಭೂಮಿ ಓಗೊಡುತ್ತಿದೆಯೆನ್ನಿಸಿ ರಾಮರತಿಗೆ ಮೈ ಝುಮ್ಮೆಂದಿತು.

ಮುದುಕಿ ಬೊಗಸೆಯೊಡ್ಡಿದಳು. "ನಿಲ್ಲಿಸ್ಬೇಡ ಕಣೇ, ಹೊಡಿ!" ಗುಟುಕು ಗುಟುಕಾಗಿ ಕುಡಿದಳು. ಆ ಸದ್ದನ್ನು ರಾಮರತಿ ಹಿಡಿಕೆ ಒತ್ತುತ್ತಲೇ ಕೇಳಿದಳು.

ಸಂಜೆ ದುಬೇಯ ಅಣ್ಣನ ಮನೆಯವರು ಪಂಪಿಗೆ ಗಂಗಾಜಲ ಚಿಮುಕಿಸಿದರೆಂದು ಸುದ್ದಿ ಬಂತು. ಮರುದಿನ ಅವರೂ ಅಲ್ಲಿಂದಲೇ ಕೊಡ ತುಂಬಿಕೊಂಡರು.

ಪಂಪು ಸರಿಯಾದ ದಿನ ಮನೆಗೆ ಬರುವಾಗ ಸಂಪತಿಯಾ ಕೇಳಿದ್ದಳು, "ತೋಳು ನೋಯ್ತಿದ್ಯಾ ಅತ್ತೆ?"

"ಇಲ್ಲ ಕಣೇ," ಎಂದಳು ರಾಮರತಿ. "ನೀರು ಅಷ್ಟು ಆಳದಿಂದ ಬರತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."